ಕುಷ್ಟಗಿಗೆ ಒಯ್ದ ಬಿಳಿ ಪುಡಿ

ಹುಬ್ಬಳ್ಳಿಯಿಂದ ಬೆಳಗಿನ ಗಾಡಿಗೆ ಹೊರಟೆ. ರೈಲ್ವೆ ಕಾರ್ಖಾನೆಯಲ್ಲಿ ಗಾಡಿ ಡಬ್ಬಿಗಳ ನೆಲ ಹಾಕುವ ಮೇಸ್ತ್ರಿಯಾಗಿದ್ದು ನಿವೃತ್ತನಾದವನು ನಾನು. ಭೋಂಗಾ ಕೂಗುವ ಮೊದಲೇ ಏಳುವ ರೂಢಿ ಇನ್ನೂ ಬಿಟ್ಟಿಲ್ಲ. ಸಾಮಾನನ್ನು ಹಿಂದಿನ ಸಂಜೆಯೇ ತೂಗಿಸಿ ಇಟ್ಟಿದ್ದೆ: ಮ್ಯಾಗ್ನೇಶಿಯಾದ ಚೀಲಗಳು, ಕಹಿ ಉಪ್ಪಿನ ಡಬ್ಬಗಳು, ಒಂದು ಮೂಟೆ ಗರಗಸದ ಹೊಟ್ಟು, ನನ್ನ ಕರಣಿ.

ಮ್ಯಾಗ್ನೇಶಿಯಾ ಎಂದರೆ ಸೇಲಂ ಕಡೆಯ ಬಿಳಿ ಕಲ್ಲನ್ನು ಸುಟ್ಟು ಮಾಡಿದ ಪುಡಿ. ಸಮುದ್ರದ ನೀರಿನಿಂದ ಅಡಿಗೆಯ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರನ್ನು ಕುದಿಸಿದರೆ ಹೆಂಟೆಯಾಗುತ್ತದೆ. ಅದಕ್ಕೆ ನಾವು ಕಹಿ ಉಪ್ಪು ಅನ್ನುತ್ತಿದ್ದೆವು. ಆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಪುಡಿ ಮತ್ತು ಹೊಟ್ಟು ಸೇರಿಸಿ ಕಲಸಿ ಬಳಿದರೆ ಸಂದಿಲ್ಲದ ಒಂದೇ ಹಾಳೆಯಂಥ ನೆಲ ಏಳುತ್ತದೆ. ಮೊದಲನೆಯ ದರ್ಜೆಯ ಡಬ್ಬಿಗಳಲ್ಲಿ ಎಷ್ಟೋ ವರ್ಷ ಅದನ್ನೇ ಹಾಕಿದ್ದೆ.

ಈಗ ಹಾಕಬೇಕಾಗಿದ್ದದ್ದು ಕುಷ್ಟಗಿಯ ದವಾಖಾನೆಯ ಹೆರಿಗೆ ಕೋಣೆಗೆ. ನನ್ನ ಮಗಳು ನೀಲವ್ವನನ್ನು ಕುಷ್ಟಗಿಗೆ ಕೊಟ್ಟಿದ್ದೆ. ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲೇ ಆಗಿತ್ತು. ಸೂತಕ ಕಳೆಯುವ ಮೊದಲೇ ಜ್ವರ ಬಂದು ಕೂಸು ಹೋಯಿತು, ತಾಯಿ ಉಳಿದದ್ದೇ ಹೆಚ್ಚು. ಎರಡನೆಯದು ಗಂಡನ ಮನೆಯ ಕಡೆ ಆಗುವುದು ರೂಢಿ, ಈ ಸಲ ಅಲ್ಲಿಯ ದವಾಖಾನೆಯಲ್ಲೇ ಆಗಲಿ ಎಂದು ನಿಶ್ಚಯಿಸಿದ್ದೆವು. ಕುಷ್ಟಗಿಯ ಡಾಕ್ಟರು ನನ್ನೆದುರಿಗೇ ಹೇಳಿದ್ದರು: "ಹಾಸುಗಲ್ಲಿನ ಸಂದ್ಯಾಗ ಹೊಲಸು ನಿಂದರತೈತ್ರಿ. ತೊಳದಷ್ಟೂ ಒಳಗ ಇಳೀತೈತಿ. ಇಂಥಾ ಕೋಣ್ಯಾಗ ನಾ ಹೆರಿಗಿ ಮಾಡಿಸಂಗಿಲ್ಲ." ನೆಲ ನಾನು ಹಾಕುತ್ತೇನೆ ಎಂದೆ. ಮಗಳಿಗೆ ದಿನ ತುಂಬುತ್ತ ಬಂದಿತ್ತು. ಮಳೆ ಹಿಡಿದರೆ ಈ ನೆಲ ಬಿಗಿಯುವುದಿಲ್ಲ. ರೋಹಿಣಿ ಮಳೆಯ ಮೋಡ ಆಗಲೇ ಕಾಣುತ್ತಿತ್ತು.

ಗದಗಿನಲ್ಲಿ ರೊಟ್ಟಿ, ಪುಂಡಿಪಲ್ಯದ ಗಂಟು ಬಿಚ್ಚಿದೆ. ಭಾನಾಪುರ ದಾಟಿ ಮಧ್ಯಾಹ್ನ ಕೊಪ್ಪಳದಲ್ಲಿ ಇಳಿದಾಗ ಅಳಿಯ ಶರಣಪ್ಪ ಸ್ಟೇಶನ್ನಿನಲ್ಲಿ ನಿಂತಿದ್ದ. ಅದು ಆಗ ನಿಜಾಮರ ಸೀಮೆ. ಹೊರಗಿನಿಂದ ಬಂದ ಸಾಮಾನು ಸುಂಕದ ನಾಕಾ ದಾಟಿಯೇ ಊರೊಳಗೆ ಹೋಗಬೇಕು. ನಾಕಾದ ಜವಾನ ಯಮನಪ್ಪ ಚೂಪಾದ ಕಬ್ಬಿಣದ ಸಲಾಕೆ ಹಿಡಿದು ಬಂದವನೇ ಒಂದು ಚೀಲಕ್ಕೆ ಚುಚ್ಚಿದ. ಒಳಗೆ ಏನನ್ನೂ ಅಡಗಿಸಿಲ್ಲ ಎಂದು ನೋಡುವ ಪದ್ಧತಿ ಅದು. ಎರಡನೆಯ ಚೀಲಕ್ಕೆ ನಾನು ಅಡ್ಡ ನಿಂತೆ.

"ತೂತು ಬಿದ್ರ ಗಾಳಿ ಹೊಕ್ಕು ಪುಡಿ ಕೆಡತೈತೋ ತಮ್ಮಾ."

"ಗಾಳಿಗೆ ಕೆಡಾಕ ಇದೇನ್ ಹಾಲೇನ್ರಿ ಯಜಮಾನ್ರ?" ಎಂದ.

ಸದ್ದು ಕೇಳಿ ಅಮೀನ ಖಾದರ ಸಾಹೇಬರು ಹೊರಗೆ ಬಂದರು. ಯಾವ ಸಾಮಾನು ಯಾವ ಬಾಬಿಗೆ ಸೇರುತ್ತದೆ, ಎಷ್ಟು ಸುಂಕ ಎಂದು ನಿರ್ಣಯಿಸುವವರು ಅವರೇ. ತೆಳ್ಳಗಿನ ಆಳು, ಕೈ ಸದಾ ಎದೆಯ ಮೇಲೆ.

"ಏನೈತ್ರಿ ಇದರಾಗ?"

ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪ, "ದವಾಖಾನಿ ಔಷಧರಿ ಸಾಹೇಬ್ರ. ನಮ್ಮ ಮಾವಾರು ತಂದಾರ, ಮ್ಯಾಗ್ನೇಶಿಯಾ" ಅಂದುಬಿಟ್ಟ. ದವಾಖಾನೆಯ ಔಷಧಕ್ಕೆ ಸುಂಕವಿಲ್ಲ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು.

ಅಮೀನರ ಮುಖ ಅರಳಿತು. "ಹೌದೇನ್ರಿ! ಎದಿ ಉರಿಗೆ ನನ್ನ ಡಾಕ್ಟರ್ ಇದನ್ನ ಬರದು ಕೊಟ್ಟಾರ. ಊರೆಲ್ಲಾ ಹುಡುಕಿದ್ರೂ ಸಿಕ್ಕಿಲ್ಲ. ಯಮನಪ್ಪಾ, ಒಂದ್ ಗ್ಲಾಸ್ ನೀರು ತಾ. ಹಾಕ್ರಿ ಒಂದ್ ಚಮಚ."

"ಇದು ಕುಡಿಯೂದಲ್ರಿ ಸಾಹೇಬ್ರ" ಎಂದೆ. "ನೆಲಕ್ಕ ಹಾಕೂದು."

ಅವರು ಗ್ಲಾಸು ಹಿಡಿದೇ ನಮ್ಮಿಬ್ಬರನ್ನೂ ನೋಡಿದರು. "ಅಳಿಯ ಹೊಟ್ಟಿಗೆ ಅಂತಾನ, ಮಾವ ನೆಲಕ್ಕ ಅಂತಾನ. ಮೊದಲ ಮನ್ಯಾಗ ಕುಂತು ಮಾತಾಡಿಕೊಂಡು ಬರ್ರಿ."

ಶರಣಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಒಂದ್ ಚಮಚ ಕೊಟ್ಟಿದ್ರ ಏನಾಗ್ತಿತ್ರಿ ಮಾವಾರ? ಇಷ್ಟೊತ್ತಿಗೆ ಕುಷ್ಟಗಿ ಮೋಟಾರದಾಗ ಇರ್ತಿದ್ವಿ."

"ಔಷಧ ಅಂತ ಬಂದಿದ್ದು ಔಷಧದ ಕಪಾಟಿಗೇ ಹೊಕ್ಕತೈತ್ರಿ ಅಳಿಯಾರ. ಇದು ಸೋಸಿದ್ದಲ್ಲ, ಬರೇ ಸುಟ್ಟ ಕಲ್ಲು. ನಾಳಿ ಇದನ್ನ ಕಲಸಿ ಯಾರರ ಒಬ್ಬ ಬಸರಿಗೆ ಕುಡಿಸಿದ್ರ?"

ಅವನು ಹೋಗಿ ತೂತು ಬಿದ್ದ ಚೀಲಕ್ಕೆ ಚಿಂದಿ ತುರುಕಿದ.

ಅಷ್ಟರಲ್ಲಿ ಯಮನಪ್ಪ ಡಬ್ಬದ ಮುಚ್ಚಳ ತೆಗೆದು ಹೆಂಟೆಯನ್ನು ನಾಲಿಗೆಗೆ ಮುಟ್ಟಿಸಿ, "ಥೂ! ಉಪ್ಪೈತ್ರಿ ಸಾಹೇಬ್ರ, ಕೆಟ್ಟ ಉಪ್ಪು" ಎಂದು ಕೂಗಿದ. ಕೆಲಸ ಕೆಟ್ಟಿತು ಅಂದುಕೊಂಡೆ. ಉಪ್ಪಾದರೆ ಮೇಲಿನ ಕಚೇರಿಯಿಂದ ಅಪ್ಪಣೆ ಬರುವ ತನಕ ಸಾಮಾನು ಕೊಠಡಿಯಲ್ಲಿ ಬೀಗ ಹಾಕಿ ಇರಬೇಕು. ಅಪ್ಪಣೆಗಿಂತ ಮೊದಲು ಮಳೆ ಬರುತ್ತಿತ್ತು, ಮಗಳಿಗೆ ನೋವೂ ಬರುತ್ತಿತ್ತು. ಅದನ್ನೇ ಅಮೀನರಿಗೆ ಹೇಳಿದೆ. ಹೋದ ಸಲದ ಜ್ವರವನ್ನೂ ಹೇಳಿದೆ.

ಅವರು ಕೇಳಿ, ಕುರ್ಚಿ ಎಳೆದುಕೊಂಡು ಕೂತು, ಕೆಲಸಕ್ಕೆ ತೊಡಗಿದರು. ಪುಡಿಗೆ ನೀರು ಹಾಕಿಸಿ ಬೆರಳಿಟ್ಟು ನೋಡಿದರು. ಬಿಸಿ ಏರಲಿಲ್ಲ. "ಸುಣ್ಣ ಅಲ್ಲ." ಅದನ್ನೇ ಉಂಡೆ ಕಟ್ಟಿಸಿ ಬಿಸಿಲಿಗಿಟ್ಟು, ಚಹಾ ಕುಡಿದು ಬಂದು ಹಿಸುಕಿದರು. ಪುಡಿಯಾಯಿತು. "ಸಿಮೆಂಟೂ ಅಲ್ಲ." ಆಮೇಲೆ ನನ್ನ ಕಡೆ ತಿರುಗಿದರು.

"ಬ್ಯಾರೆ ಬ್ಯಾರೆ ನೋಡಿದ್ರ ಒಂದು ಔಷಧ, ಒಂದು ಉಪ್ಪು. ಕೂಡಿದ್ರ ನೆಲ ಅಂತೀರಿ. ಹಂಗಾರ ನನ್ನ ನಾಕಾ ದಾಟೂದು ಯಾವುದು ಮೇಸ್ತ್ರೀರ?"

"ನೆಲರಿ. ಕಲಸೂದೊಂದು ಬಾಕಿ ಐತಿ."

"ಹಂಗಾರ ಇಲ್ಲೇ ಕಲಸ್ರಿ." ನಾಕಾದ ಹೊಸ್ತಿಲ ಮುಂದೆ ಹಾಸುಗಲ್ಲು ಒಡೆದು ತಗ್ಗಾಗಿತ್ತು. ಅದನ್ನು ಬೂಟಿನಿಂದ ತೋರಿಸಿದರು. "ನಾಳಿ ಮುಂಜಾನಿ ಇದರ ಮ್ಯಾಲ ನಾ ನಿಂದರತೀನಿ. ತಡದ್ರ ಕಟ್ಟಡದ ಸಾಮಾನು. ಕುಸದ್ರ ಉಪ್ಪು. ಕಬೂಲ್?"

"ಕಬೂಲ್" ಎಂದೆ. ನನಗೆ ನನ್ನ ಕೈಯ ಮೇಲೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮೋಡದ ಮೇಲೆ. ತೂತು ಬಿದ್ದ ಚೀಲದಿಂದಲೇ ಪುಡಿ ತೆಗೆದೆ. ಕಹಿ ನೀರಿನ ಹದ ನೋಡಿ ಕಲಸಿ, ತಗ್ಗು ತುಂಬಿ, ಕರಣಿಯಿಂದ ನುಣುಪು ಎಳೆದೆ. ಸಂಜೆ ನಾಲ್ಕು ಹನಿ ಬಿತ್ತು. ನಾನು ಗೋಣಿತಟ್ಟು ಹುಡುಕುತ್ತಿರುವಾಗ ಯಮನಪ್ಪ ತನ್ನ ಕಂಬಳಿ ತಂದು ಅದರ ಮೇಲೆ ಎತ್ತರಕ್ಕೆ ಕಟ್ಟಿದ. "ಹಾಲು ಕೆಡಬಾರದಲ್ರಿ" ಎಂದು ನಕ್ಕ.

ಧರ್ಮಶಾಲೆಯಲ್ಲಿ ಮಲಗಿ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹಾಜರಾದೆ. ಅಮೀನರು ಆ ತೇಪೆಯ ಮೇಲೆ ಒಂದು ಕಾಲಿಟ್ಟರು, ಎರಡೂ ಕಾಲಿಟ್ಟರು, ಹಿಮ್ಮಡಿಯಿಂದ ಗುದ್ದಿದರು. ಆಮೇಲೆ ಯಮನಪ್ಪನ ಸಲಾಕೆ ಕಸಿದು ಕುಟ್ಟಿದರು. ಠಣ್ ಎಂದಿತು. "ಲಿಖೋ" ಎಂದರು ಗುಮಾಸ್ತನಿಗೆ. "ಕಟ್ಟಡದ ಸಾಮಾನು, ತಯಾರಿಸಿದ್ದು. ಚೀಲ, ಡಬ್ಬ, ಎಲ್ಲಾ ಒಂದೇ ಬಾಬು."

ಸುಂಕವನ್ನು ಆ ಸೀಮೆಯ ನಾಣ್ಯವಾದ ಹಾಲಿ ಸಿಕ್ಕಾದಲ್ಲೇ ಕೊಡಬೇಕಾಗಿತ್ತು. ಶರಣಪ್ಪ ಬಜಾರಕ್ಕೆ ಓಡಿ ನಮ್ಮ ಬ್ರಿಟಿಷ್ ಸೀಮೆಯ ಕಲ್ದಾರ ರೂಪಾಯಿ ಬದಲಿಸಿ ತಂದ. ಸಂತೋಷದಿಂದ ಕೊಟ್ಟ ಸುಂಕ ಅದೊಂದೇ.

ಕುಷ್ಟಗಿಯ ಮೋಟಾರು ಹತ್ತಿದೆವು. ತಲೆಗೆ ಎಂಟಾಣೆ, ಸಾಮಾನಿಗೆ ಬೇರೆ. ದಾರಿಯುದ್ದಕ್ಕೂ ಹರಗಿ ಬಿಟ್ಟ ಹೊಲಗಳು ಮಳೆಗಾಗಿ ಬಾಯಿ ತೆರೆದಿದ್ದವು. ಮಳೆ ಇನ್ನು ಸ್ವಲ್ಪ ತಡೆಯಲಿ ಎಂದು ಬೇಡಿಕೊಳ್ಳುತ್ತಿದ್ದವನು ಆ ಮೋಟಾರಿನಲ್ಲಿ ನಾನೊಬ್ಬನೇ ಇರಬೇಕು. ಬೇವೂರಿನಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಚುರುಮುರಿ, ಮಿರ್ಚಿ ತಿಂದೆವು. ಒಬ್ಬ ರೈತ ಚೀಲ ಮುಟ್ಟಿ, "ಎತ್ತಿಗೆ ಹಾಕೂದೇನ್ರಿ?" ಎಂದ. "ಅಲ್ಲಪಾ, ನೆಲಕ್ಕ" ಎಂದ ಶರಣಪ್ಪ. ಪಾಠ ಕಲಿತಿದ್ದ.

ಮಗಳ ಮನೆಯಲ್ಲಿ ಬಹಳ ದಿನ ಕೂರುವುದು ನನಗೆ ಸರಿ ಬಾರದು. ದವಾಖಾನೆಯ ಪಡಸಾಲೆಯಲ್ಲೇ ಹಾಸಿಗೆ ಬಿಚ್ಚಿದೆ. ಮರುದಿನ ಹೊತ್ತು ಹುಟ್ಟುವಾಗ ಶುರು ಮಾಡಿ, ಕೋಣೆಯ ಮೂಲೆಗಳನ್ನೂ ಬಟ್ಟಲಿನಂತೆ ದುಂಡಗೆ ತಿರುಗಿಸಿ, ಗೋಡೆಗೆ ಗೇಣುದ್ದ ಹತ್ತಿಸಿ ಮುಗಿಸಿದೆ. ಬಿಗಿದ ಮೇಲೆ ಅಗಸೆ ಎಣ್ಣೆ ಉಜ್ಜಿದೆ. ನೀಲವ್ವ ಬಾಗಿಲಲ್ಲಿ ನಿಂತು, "ಅಪ್ಪಾ, ನಾ ರೈಲಿನ್ಯಾಗ ಹಡೀಬೇಕೇನು?" ಎಂದು ನಕ್ಕಳು. "ಅದೂ ಮೊದಲನೇ ದರ್ಜೆದಾಗ" ಎಂದೆ. ಡಾಕ್ಟರು ಒಂದು ಕೊಡ ನೀರು ಸುರಿಸಿದರು. ನೀರು ಎಲ್ಲಿಯೂ ನಿಲ್ಲದೆ ಮೋರಿಗೆ ಓಡಿತು. ಅವರು ಕೋಣೆಯ ಬೀಗದ ಕೈಯನ್ನು ಸೂಲಗಿತ್ತಿಗೆ ಕೊಟ್ಟರು.

ಮಳೆ ಬಂದದ್ದೂ ನೀಲವ್ವನಿಗೆ ನೋವು ಬಂದದ್ದೂ ಒಂದೇ ವಾರ. ಹೆಣ್ಣು ಕೂಸು ಹುಟ್ಟಿತು. ಹೋದ ಸಲ ಹೆರಿಗೆಯಾಗಿ ಎಷ್ಟನೆಯ ದಿನಕ್ಕೆ ಜ್ವರ ಏರಿತ್ತೋ, ಈ ಸಲ ಆ ದಿನ ನಾನು ಪಡಸಾಲೆ ಬಿಟ್ಟು ಕದಲಲಿಲ್ಲ. ಡಾಕ್ಟರು ಹೊರಗೆ ಬಂದು, "ಮೈ ತಣ್ಣಗೈತಿ. ಉಣ್ಣಾಕ ಖಾರಬ್ಯಾಳಿ ಕೇಳಾಕತ್ಯಾಳ" ಎಂದರು. ಸೂತಕ ಕಳೆದು ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ನನ್ನ ಕರಣಿ ತೊಳೆದು ಕಟ್ಟಿಕೊಂಡೆ.

ಕೊಪ್ಪಳದಲ್ಲಿ ಗಾಡಿಗೆ ಇನ್ನೂ ಹೊತ್ತಿತ್ತು. ನಾಕಾದಲ್ಲಿ ಯಮನಪ್ಪ ನನ್ನ ಚೀಲ ಮುಟ್ಟದೆ ಕೈ ಮುಗಿದ. ಅಮೀನರು ಎದೆ ತಿಕ್ಕಿಕೊಳ್ಳುತ್ತ ಬಂದರು.

"ಏನಾತ್ರಿ ಮೇಸ್ತ್ರೀರ?"

"ತಾಯಿ ಕೂಸು ಇಬ್ರೂ ಅರಾಮ ಅದಾರ್ರಿ." ಕುಷ್ಟಗಿಯ ಡಾಕ್ಟರಿಂದ ಕೇಳಿ ತಂದಿದ್ದ ಸಣ್ಣ ಬಾಟಲಿಯನ್ನು ಅವರ ಕೈಗಿಟ್ಟೆ. "ಇದು ಸೋಸಿದ್ದು. ಊಟದ ಮ್ಯಾಲ ಒಂದ್ ಚಮಚ."

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಇದು ಖರೇನ ಔಷಧ ಹೌದಲ್ರಿ? ಅಳಿಯಾರ್ನ ಕೇಳಬೇಕೇನು?"

"ನನ್ನ ಮಾತ ಸಾಕ್ರಿ."

"ಸಾಕು" ಎಂದು ಅಲ್ಲೇ ನೀರು ತರಿಸಿ ಕುಡಿದರು.

ಗಾಡಿ ಹೊರಟಾಗ ಕಿಟಕಿಯಿಂದ ನೋಡಿದೆ. ಮಳೆಯಿಂದ ನಾಕಾದ ಅಂಗಳವೆಲ್ಲ ಎರೆಮಣ್ಣಿನ ಕೆಸರಾಗಿತ್ತು. ಹೊಸ್ತಿಲ ಮುಂದಿನ ಆ ತೇಪೆಯೊಂದು ತೊಳೆದಂತೆ ಒಣಗಿತ್ತು. ಖಾದರ ಸಾಹೇಬರು ಕುರ್ಚಿಯನ್ನು ಅದರ ಮೇಲಕ್ಕೆ ಎಳೆದುಕೊಂಡು ಕೂತಿದ್ದರು.