ಅಡ್ಡಾಡಿ ಪದ ತರುತ್ತಿದ್ದ ಕಾಕಾ

ಗೇಜ್ ಕಾಕಾನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ನಾರಾಯಣಪುರದ ಅಣೆಕಟ್ಟಿನಲ್ಲಿ ಗೇಜ್ ನೋಡಿ ನೀರಿನ ಮಟ್ಟ ಓದುವ ಕೆಲಸ ಅವರದು, ಅದಕ್ಕೇ ಆ ಹೆಸರು. ಬಿಸಿಲಿಗೆ ಹೊಳೆಯುವ ನೀರಿನಲ್ಲಿ ಅಳತೆಪಟ್ಟಿಯ ಗೆರೆ ಕಾಣಬೇಕೆಂದು ವರ್ಷಗಟ್ಟಲೆ ಕಣ್ಣು ಕಿರಿದು ಮಾಡಿ ಮಾಡಿ, ಆ ರೆಪ್ಪೆ ಪೂರ್ತಿ ತೆರೆಯುವುದನ್ನೇ ಮರೆತಿತ್ತು. ಮಾತಾಡುವಾಗ ನಮ್ಮನ್ನೂ ಹಾಗೆಯೇ ನೋಡುತ್ತಿದ್ದರು. ಇವರು ನನ್ನೊಳಗೆ ಎಷ್ಟಿದೆ ಎಂದು ಅಳೆಯುತ್ತಿದ್ದಾರೇನೋ ಅನಿಸುತ್ತಿತ್ತು.

ಕ್ವಾರ್ಟರ್ಸಿನಲ್ಲಿ ನಮ್ಮದು ಅವರ ಪಕ್ಕದ ಮನೆ. ಅಪ್ಪ ಕಾಲುವೆಯ ಗೇಟು ಎತ್ತಿ ಇಳಿಸುವವ. ನಾನು ಪಿಯುಸಿ ಓದುತ್ತಿದ್ದೆ, ಇಂಗ್ಲಿಷ್ ಟೀಚರ್ ಆಗಬೇಕೆಂಬ ಹುಚ್ಚು ತಲೆ ತುಂಬ ಇತ್ತು. ಕಾಕಾ ಇಂಜಿನಿಯರ್ ಸಾಹೇಬರ ಜೊತೆ ಫೋನಿನಲ್ಲಿ ಟಸ್‌ಪುಸ್ ಇಂಗ್ಲಿಷ್ ಮಾತಾಡುವವರು. ಅಷ್ಟು ಸಾಕಿತ್ತು ನನಗೆ, ಅವರ ಬೆನ್ನು ಹತ್ತಿದೆ. ಅವರೂ ಬೇಡ ಅನ್ನಲಿಲ್ಲ. ಎಷ್ಟೋ ಪದಗಳ ಅರ್ಥ, ಅವನ್ನು ಬಾಯಿಬಿಟ್ಟು ಹೇಳುವ ಧೈರ್ಯ, ಎರಡೂ ಅವರಿಂದಲೇ ಬಂದವು.

ಅವರದೊಂದು ಆಟವಿತ್ತು. ಸಂಜೆ ಕಟ್ಟೆಯ ಫರ್ಸಿಕಲ್ಲಿನ ಮೇಲೆ ಚಾಕ್‌ಪೀಸಿನಿಂದ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ ಬರೆಯುವರು. ಅವಿಷ್ಟೂ ಅಕ್ಷರ ಇರುವ ಪದಗಳನ್ನು ಹುಡುಕಬೇಕು. ಮೊದಲ ಸರದಿ ನನ್ನದು. ನಾನು ತಲೆ ಕೆರೆದು ಕೆರೆದು ಒಂದಿಷ್ಟು ಹೇಳಿ ಸುಮ್ಮನಾದ ಮೇಲೆ ಅವರು ಚಪ್ಪಲಿ ಮೆಟ್ಟಿ ನೀರಿನ ಟಾಕಿಯ ಕಡೆ ನಡೆದುಹೋಗುವರು. ಒಂದು ಸುತ್ತು ಹಾಕಿ ಬಂದರೋ, ಅಬ್ಬಬ್ಬಾ, ಜೋಳದ ಚೀಲದ ಬಾಯಿ ಬಿಚ್ಚಿದಂತೆ ಪದಗಳು!

"ತಲಿ ಒಂದೇ ಕಡಿ ಕುಂತ್ರ ಜಂಗ್ ಹಿಡಿತದವ್ವ," ಅನ್ನುತ್ತಿದ್ದರು. "ಅಡ್ಡಾಡಬೇಕು. ಅಕ್ಷರ ತಾವೇ ಬಂದು ಕೂಡ್ತಾವ."

ನಾನೂ ಅಡ್ಡಾಡಿದೆ. ಟಾಕಿಯ ಸುತ್ತ ಕಾಲು ನೋಯುವಷ್ಟು ಸುತ್ತಿದೆ. ನನಗೇನೂ ಬಂದು ಕೂಡಲಿಲ್ಲ.

ಒಮ್ಮೆ ಜಿ, ಎಚ್, ಟಿ ಬರೆದರು. ನಾನು ನೈಟ್, ಲೈಟ್, ಫೈಟ್, ಥಾಟ್ ಎಂದು ಹೇಳಿ ಉಬ್ಬಿಹೋಗಿದ್ದೆ. ಕಾಕಾ ಟಾಕಿಯ ಕಡೆ ಹೋಗಿ ಬಂದರು. ಡ್ರೌಟ್, ಸ್ಲಾಟರ್, ನಾಟಿ ಎಂದೆಲ್ಲ ಉದುರಿಸಿ, ಕೊನೆಗೆ ಕಣ್ಣು ಕಿರಿದು ಮಾಡಿ, "ಮಗಳಾಗಿ ಡಾಟರ್ ಅನ್ನೂದೇ ಮರ್ತೀಯಲ್ಲವ್ವ!" ಎಂದರು. ಇಡೀ ಕಟ್ಟೆ ನಕ್ಕಿತು. ಅಪ್ಪನೂ ನಕ್ಕ. ನಾನೂ ನಕ್ಕೆ, ಆದರೆ ಒಳಗೆ ಕುಸಿದುಹೋಗಿದ್ದೆ. ನೀರಿನ ಮಟ್ಟ ಓದುವವರ ತಲೆ ಇಷ್ಟು ಓಡುತ್ತದೆ, ಹಗಲೆಲ್ಲ ಪುಸ್ತಕ ಹಿಡಿಯುವ ನನ್ನದು ಓಡುವುದಿಲ್ಲ ಅಂದರೆ ದೋಷ ತಲೆಯಲ್ಲೇ ಇರಬೇಕು.

ಪಿಯುಸಿ ಮುಗಿಯಿತು. ಸುರಪುರದ ಕಾಲೇಜಿನಲ್ಲಿ ಬಿ.ಎ.ಗೆ ಯಾವ ವಿಷಯ ತೆಗೆದುಕೊಳ್ಳಬೇಕೆಂದು ಬರೆದುಕೊಡಬೇಕಿತ್ತು. ಹಿಂದಿನ ಸಂಜೆ ಕಾಕಾನ ಎದುರು ಕುಳಿತು ಹೇಳಿದೆ: "ಇಂಗ್ಲಿಷ್ ಬಿಡ್ತೀನ್ರಿ ಕಾಕಾ. ನಿಮ್ಮಂಗ ನನಗ ಹೊಳಿಯಂಗಿಲ್ಲ. ನನ್ನ ತಲಿ ಮೊಂಡ ಅದ. ಇಂಥಾಕಿ ಏನ್ ಟೀಚರ್ ಆಗ್ಲಿ?"

ಕಾಕಾ ಚಹಾದ ಬಟ್ಟಲನ್ನು ಕೈಯಲ್ಲೇ ತಿರುಗಿಸುತ್ತ ಕೂತರು. ಅದನ್ನು ಕೆಳಗಿಟ್ಟು, "ನಿನ್ನ ಮನಸ್ಸಿಗಿ ಬಂದಂಗ ಮಾಡವ್ವ," ಎಂದರು. ನಾನು ಇತಿಹಾಸ ತೆಗೆದುಕೊಂಡೆ. ಡಿಗ್ರಿ ಮುಗಿಸಿ ಸುರಪುರದಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅಲ್ಲೇ ಇದ್ದೇನೆ.

ಕಾಕಾ ರಿಟೈರ್ ಆಗಿ ಶಹಾಪುರದಲ್ಲಿ ಮನೆ ಮಾಡಿದರು. ಒಮ್ಮೆ ನೋಡಿ ಬರೋಣವೆಂದು ಹೋದೆ. ಕಾಕಾ ಮಂಚದ ಮೇಲೆ ಕೂತು ಫೋನ್ ಒತ್ತುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಚಹಾ ತಂದಿಟ್ಟು ನಗುತ್ತ ಹೇಳಿದರು: "ನಿನ್ನ ಕಾಕಾಗ ಈಗ ಭಾಳ ಆರಾಮ ನೋಡವ್ವ. ಅಲ್ಲಿ ಕ್ವಾರ್ಟರ್ಸಿನ ಮನ್ಯಾಗ ಇಂಟರ್‌ನೆಟ್ ಹತ್ತತಿದ್ದಿಲ್ಲ, ಟಾಕಿ ತನಾ ಓಡಬೇಕಾಗಿತ್ತು. ಈಗ ಕುಂತಲ್ಲೇ ಅಕ್ಷರ ಹಾಕ್ತಾರ, ಫೋನ್ ಪದ ಹೇಳ್ತದ."

ಪಾಪ, ಆಕೆಗೆ ನಾನು ಇದನ್ನೆಲ್ಲ ಬಲ್ಲೆ ಎಂದೇ ನಂಬಿಕೆ.

ಹಾಗಾದರೆ ಡಾಟರ್ ಕೂಡ ಫೋನೇ ಹೇಳಿದ್ದೇ? "ಖರೇನ್ರಿ ಕಾಕಾ?" ಎಂದೆ.

"ಆಟ ಇತ್ತವ್ವ ಅದು," ಎಂದರು ತಲೆ ತಗ್ಗಿಸಿ.

"ನಿಮಗ ಆಟ ಇತ್ರಿ. ನನಗ ಅಲ್ಲ. ನಾ ದಡ್ಡಿ ಅಂತ ತಿಳ್ಕೊಂಡು ಇಂಗ್ಲಿಷ್ ಬಿಡಾಕತ್ತಾಗ ನೀವು ಎದುರಿಗೇ ಕುಂತಿದ್ರಲ್ರಿ. ಒಂದ್ ಮಾತ್ ಹೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು?"

ಕಾಕಾ ತಲೆ ಎತ್ತಿದರು. "ಹೇಳಬೇಕಂತ ನಾಲಿಗಿ ತುದಿಗಿ ಬಂದಿತ್ತವ್ವ. ಆದ್ರ ನೀ ನನ್ನ ಹೆಂಗ ನೋಡ್ತಿದ್ದಿ! ಸಾಹೇಬರು ಬೈದ್ರು, ಮಂದಿ ಗೇಜ್ ಗೇಜ್ ಅಂದ್ರು. ನಿನ್ನಂಗ ಯಾರೂ ನೋಡಿದ್ದಿಲ್ಲ. ಅದು ಹೋಗಿಬಿಡ್ತದಂತ ಅಂಜಿದೆ."

ಅಂಜಿದರಂತೆ! ಅವರ ಮರ್ಯಾದೆ ಉಳಿಯಲೆಂದು ನನ್ನ ಬದುಕು ಬೇರೆ ದಾರಿ ಹಿಡಿಯಿತು. ಬೇರೆ ಯಾರಾದರೂ ಆಗಿದ್ದರೆ ಎರಡು ಮಾತು ಬೈದು ಮರೆಯುತ್ತಿದ್ದೆ. ಇವರನ್ನು ನಾನು ನಂಬಿದ್ದೆ, ಅಪ್ಪನಿಗಿಂತ ಹೆಚ್ಚು ನಂಬಿದ್ದೆ. ಚಹಾ ಮುಟ್ಟದೆ ಎದ್ದು ಬಂದೆ. ಆಮೇಲೆ ಅವರ ಫೋನ್ ಬಂದರೂ ಎತ್ತಲಿಲ್ಲ.

ಕಾಕಾ ತೀರಿಕೊಂಡ ಸುದ್ದಿಯನ್ನು ಅಪ್ಪ ಹೇಳಿದ. ಹೋಗುವುದಿಲ್ಲ ಎಂದುಕೊಂಡವಳು ಬಸ್ಸು ಹತ್ತಿದ್ದೆ. ಕ್ವಾರ್ಟರ್ಸಿನ ಮಂದಿಯೆಲ್ಲ ನೆರೆದಿದ್ದರು. "ಏನ್ ತಲಿ ಇತ್ರಿ ಅವರ್ದು, ಏನ್ ಇಂಗ್ಲಿಷ್!" ಎಂದು ಯಾರೋ ಹೊಗಳುತ್ತಿದ್ದರು. ನಾನೂ ತಲೆಯಾಡಿಸಿದೆ. ಹೆಣದ ಮುಂದೆ ಅವರ ಮಾನ ತೆಗೆಯುವಷ್ಟು ಕೆಟ್ಟವಳಲ್ಲ ನಾನು.

ಕಾಕು ನನ್ನ ಕೈ ಹಿಡಿದು ಒಳಗೆ ಕರೆದೊಯ್ದರು. "ನಿನ್ನ ಹೆಸರು ಹೇಳಿ ಅತ್ತಾರವ್ವ. ಸಿಟ್ಟು ಬಿಟ್ಟೀನಿ ಅಂತ ಒಂದ್ ಮಾತ್ ಅಂದುಬಿಡು. ಅವರಿಗಿ ಮುಟ್ತದ."

ಎಷ್ಟು ಸಣ್ಣ ಮಾತು ಅದು. ಆಕೆಯ ಮುಖ ನೋಡಿದರೆ ಕರುಳು ಕಿತ್ತು ಬರುತ್ತಿತ್ತು. ಆದರೂ ಅದನ್ನು ಹೇಳಲು ಬಾಯಿ ಬರಲಿಲ್ಲ.

"ನನಗ ಇಂಗ್ಲಿಷ್ ಕಲಿಸಿದವರೂ ಅವರೇರಿ ಕಾಕು, ಬಿಡಿಸಿದವರೂ ಅವರೇ," ಎಂದೆ.

ಇಬ್ಬರೂ ಅತ್ತೆವು. ಮಣ್ಣಿಗೆ ಹೊತ್ತಾಯಿತೆಂದು ಹೊರಗೆ ಕರೆದರು, ಹೋದೆವು. ಎಲ್ಲರ ಹಾಗೆ ನಾನೂ ಕುಣಿಗೆ ಹಿಡಿ ಮಣ್ಣು ಹಾಕಿ ಕೈ ಮುಗಿದೆ. ಮಾಫಿ ಮಾತ್ರ ಮಾಡಲಿಲ್ಲ.