ಇಸ್ತ್ರಿಗೆ ಸಿಕ್ಕಿಬಿದ್ದ ಸೋಪು

ನನ್ನ ತಂಗಿಗೆ ತಪ್ಪೊಪ್ಪಿಕೊಳ್ಳುವ ಬುದ್ಧಿಯೇ ಇಲ್ಲ. ಅರವತ್ತೆರಡು ವರ್ಷ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಅಡುಗೆಗೆ ಎರಡು ಸಲ ಉಪ್ಪು ಬಿದ್ದರೆ ಉಂಡವರ ನಾಲಿಗೆ ಕೆಟ್ಟಿದೆ ಎನ್ನುತ್ತಾಳೆ. ರೈಲು ತಪ್ಪಿದರೆ ರೈಲೇ ಬೇಗ ಹೊರಟಿತು ಎನ್ನುತ್ತಾಳೆ. ಬೀದಿಯವರು ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದಾರೆ. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ತೀರ್ಪು ಮಾತ್ರ ನಾಲಿಗೆ ತುದಿಯಲ್ಲೇ ಇರುತ್ತದೆ.

ಅಂಗಡಿಯ ಸೋಪಿನಪುಡಿಯಿಂದ ಗಂಡನ ಕುತ್ತಿಗೆಯಲ್ಲಿ ತುರಿಕೆ ಎದ್ದಾಗ ಅವಳು ಬಟ್ಟೆ ಸೋಪನ್ನು ಮನೆಯಲ್ಲೇ ಮಾಡತೊಡಗಿದಳು. ಕೆಲಸಕ್ಕೆ ಹೆಸರಿಡುವಂತಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದು, ರಬ್ಬರ್ ಕೈಗವಸು ತೊಟ್ಟು, ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವೇ ನೀರಿಗೆ ಬೆರೆಸುವಳು. ಸೋಡಾದ ಮೇಲೆ ನೀರು ಸುರಿದರೆ ಸಿಡಿಯುತ್ತದೆಂದು ಗಂಡನನ್ನು ಒಳಕ್ಕೇ ಬಿಡುತ್ತಿರಲಿಲ್ಲ, ಅವನು ಸುರಿಯಲೆಂದೇ ಹೊಂಚುಹಾಕಿ ಕೂತಿರುವಂತೆ. ಆರಿದ ಮೇಲೆ ಅದನ್ನು ಕೊಬ್ಬರಿ ಎಣ್ಣೆಗೆ ಹೊಯ್ದು, ಮರದ ಸೌಟಿನಿಂದ ತಿರುವಿ, ಕಾಗದ ಹಾಸಿದ ಡಬ್ಬಿಗೆ ತುಂಬಿ, ಮರುದಿನ ಕತ್ತರಿಸಿ, ಒಂದು ತಿಂಗಳು ಬೀರುವಿನ ಮೇಲೆ ಒಣಗಿಸುವಳು. ಎದುರಿನ ಲಾಡ್ಜಿನ ಮ್ಯಾನೇಜರ್ ಬೆಡ್‌ಶೀಟು ಒಗೆಸಲು ಅದನ್ನೇ ಒಯ್ಯತೊಡಗಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗಲೇ ಮೂಲೆಯ ತಿಂಡಿ ಅಂಗಡಿಯ ಕರಿದ ಎಣ್ಣೆಯ ಮೇಲೆ ಅವಳ ಕಣ್ಣು ಬಿತ್ತು. ಚರಂಡಿ ಸೇರುವ ಎಣ್ಣೆಗೆ ಮೋಕ್ಷ ಕೊಡಿಸುತ್ತೇನೆಂದು ಮೂರು ಸಲ ಸೋಸಿ ಸೋಪು ಮಾಡಿದಳು. ಬಟ್ಟೆಗೆ ಹಿತವಾಗಿರಲೆಂದು ಸೋಡಾ ಕಡಿಮೆ ಹಾಕಿದಳು. ಹೀಗಾಗಿ ಎಣ್ಣೆಯೆಲ್ಲ ಸೋಪಾಗಲಿಲ್ಲ. ಉಳಿದದ್ದು ಬಟ್ಟೆಯ ನೂಲಿನಲ್ಲಿ ಅಡಗಿ ಕೂತಿತು. ಒಣಗಿದ ಬಟ್ಟೆಯಲ್ಲಿ ಏನೂ ಗೊತ್ತಾಗದು. ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿತೋ, ಬೀದಿಗೆಲ್ಲ ಈರುಳ್ಳಿ ಕರಿದ ಘಮ.

ಲಾಡ್ಜಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವನು ನಮ್ಮ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಇಸ್ತ್ರಿಯವನು. ಆ ಕೆಲಸವೇ ಅವನಿಗೆ ಮುಕ್ಕಾಲು ಬದುಕು. ಮಲಗಿದರೆ ಹಸಿವಾಗುತ್ತದೆಂದು ಲಾಡ್ಜಿಗೆ ಬಂದವರು ದೂರಿದಾಗ, ಮ್ಯಾನೇಜರ್ ನೆಟ್ಟಗೆ ಗಾಡಿಗೇ ಬಂದ.

"ಗಾಡಿ ಮೇಲೆ ಏನಯ್ಯಾ ಕರೀತೀಯ?"

"ಬಟ್ಟೆ ಬಿಟ್ರೆ ಇಲ್ಲಿ ಏನಿದೆ ಸಾರ್?"

"ನಾಟಕ ಬೇಡ. ಸೋಮವಾರದಿಂದ ಬೇರೆಯವರನ್ನ ನೋಡ್ಕೋತೀನಿ."

ಇಸ್ತ್ರಿಯವನು ತಂಗಿಯ ಬಾಗಿಲಿಗೆ ಬಂದಾಗ ನಾನೂ ಅಲ್ಲೇ ಇದ್ದೆ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೋಪು..."

"ನನ್ನ ಸೋಪಿಗೇನಾಗಿದೆ? ಮೊದಲು ನಿನ್ನ ಪೆಟ್ಟಿಗೆಗೆ ಸ್ನಾನ ಮಾಡಿಸು!"

"ದಿನಾ ಉಜ್ತೀನಮ್ಮಾ."

"ಹಾಗಿದ್ರೆ ನೀನು ಸ್ನಾನ ಮಾಡು!"

ಅವನು ತಲೆ ತಗ್ಗಿಸಿಕೊಂಡು ಇಳಿದುಹೋದ.

"ಸೋಡಾ ಕಡಿಮೆಯಾಗಿದೆ ಕಣೇ," ಎಂದೆ.

"ನೀನು ಪಾಠ ಹೇಳಿದ್ದು ಇತಿಹಾಸ, ಅಕ್ಕ. ಸತ್ತ ರಾಜರನ್ನ ನೋಡ್ಕೋ, ಸೋಪಿನ ತಂಟೆಗೆ ಬರ್ಬೇಡ."

ಭಾನುವಾರ ಬೆಳಿಗ್ಗೆ ಅವಳು ಅದೇ ಸೋಪಿನಲ್ಲಿ ಒಗೆದ ಗಂಡನ ಶರ್ಟೊಂದನ್ನು ಹಿಡಿದು ಮೇಲಿನ ಮಹಡಿಯ ನನ್ನ ಮನೆಗೆ ಬಂದಳು. ಅವಳ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯಿಲ್ಲ. ಕೊಡವಿ ಒಣಹಾಕಿದರೆ ಸಾಕು ಎಂಬುದೂ ಅವಳದೇ ತೀರ್ಪು.

"ಪೆಟ್ಟಿಗೆ ಕೊಡು."

ನನ್ನ ಮೇಜಿನ ಮೇಲೆ ಕಾಲರಿಗೆ ಒಂದು ಸಲ ಎಳೆದಳು. ಬಗ್ಗಿ ಮೂಸಿದಳು. ಇನ್ನೊಂದು ಸಲ ಎಳೆದು, ಮತ್ತೆ ಮೂಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಲ್ಕನಿಯಲ್ಲಿದ್ದಳು.

"ಮ್ಯಾನೇಜರ್ರೇ, ಸ್ವಲ್ಪ ಮೇಲೆ ಬನ್ನಿ! ನೀನೂ ಬಾರಯ್ಯಾ, ಗಾಡಿ ಎಲ್ಲಿಗೂ ಓಡಲ್ಲ!"

ಇಬ್ಬರೂ ಬಂದರು. ಅವರ ಎದುರಿಗೇ ತೋಳಿನ ಮೇಲೆ ಪೆಟ್ಟಿಗೆ ಓಡಿಸಿದಳು.

"ಒಳಗೆ ಏನೋ ಕರೀತಾ ಇದೀರಾ?" ಎಂದ ಮ್ಯಾನೇಜರ್.

"ಮೂಸಿ." ತೋಳನ್ನು ಅವನ ಮೂಗಿಗೇ ಹಿಡಿದಳು. "ಇದು ನಮ್ಮನೆಯವರ ಶರ್ಟು. ಇವನ ಗಾಡಿಯ ಮುಖಾನೇ ನೋಡಿಲ್ಲ."

ಮ್ಯಾನೇಜರ್ ಶರ್ಟನ್ನು ನೋಡಿದ; ಇಸ್ತ್ರಿಯವನನ್ನು ನೋಡಿದ; ಕೊನೆಗೆ ಅವಳನ್ನು ನೋಡಿದ.

"ಅಂದ್ರೆ..."

"ನಾಳೆ ಇವನೇ ಇಸ್ತ್ರಿ ಹಾಕ್ತಾನೆ. ಸೋಪು ಅಂಗಡೀಲಿ ತಗೊಳ್ಳಿ," ಎಂದು ಅವಳು ಪ್ಲಗ್ ಕಿತ್ತಳು.