ನಾಯಿ ಅಳುವುದಿಲ್ಲ ಎನ್ನುವ ದೊಡ್ಡಮ್ಮ

ಬೆಳಕು ಹರಿಯುತ್ತಿದೆ. ಬೀದಿನಾಯಿಗಳ ಆಶ್ರಯತಾಣದ ಅಂಗಳದಲ್ಲಿ ದೊಡ್ಡಮ್ಮ ಸೂರ್ಯನಿಗೆ ಬೆನ್ನು ಹಾಕಿ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಒಂದೊಂದೇ ನಾಯಿಯ ಗಲ್ಲ ಹಿಡಿದು ತಮ್ಮ ನೆರಳಿಗೆ ಎಳೆದುಕೊಳ್ಳುತ್ತಾರೆ. "ಬಿಸಿಲಿಗೆ ಯಾರಾದ್ರೂ ಕಣ್ಣು ಕಿರಿದು ಮಾಡ್ತಾರೆ. ನೆರಳಲ್ಲೂ ಮುಚ್ಕೊಂಡ್ರೆ ನೋವಿದೆ ಅಂತ." ಕಣ್ಣು ಕೆಂಪಾಗಿದೆಯೇ, ಪಿಸುರು ಕಟ್ಟಿದೆಯೇ, ಕಾಲಲ್ಲಿ ಉಜ್ಜಿಕೊಳ್ಳುತ್ತಿದೆಯೇ, ಎಲ್ಲ ನೋಡಿದ ಮೇಲೆಯೇ ಊಟದ ತಟ್ಟೆ.

ಇಲ್ಲಿಗೆ ಅವರು ಬಂದದ್ದು ನೆಲ ತೊಳೆಯಲು. ಈಗ ಕುದಿಸಿ ಆರಿಸಿದ ನೀರು, ಒಂದೊಂದು ಕಣ್ಣಿಗೂ ಬೇರೆ ಬೇರೆ ಬಟ್ಟೆ ಸದಾ ಪಕ್ಕದಲ್ಲಿ. "ಒಂದು ನಾಯಿ ಔಷಧಿ ಇನ್ನೊಂದಕ್ಕೆ ಹಾಕ್ಬಾರ್ದು. ಉಜ್ಜೋಕೆ ಬಿಡದೆ ಡಾಕ್ಟ್ರಿಗೆ ತೋರಿಸ್ಬೇಕು." ಮಗಳು ರೇಗಿಸುತ್ತಾಳಂತೆ: "ನಾನು ಕಣ್ಣುಜ್ಜಿದ್ರೂ ಬಟ್ಟಲು ಹಿಡ್ಕೊಂಡು ಬರ್ತೀಯಲ್ಲಮ್ಮ."

ಕೊನೆಗೆ ಬರುವವನು ಯಜಮಾನ. ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ವಿಚಾರಿಸುವ ಗತ್ತಿಗೆ ಈ ಮುದಿ ನಾಯಿಗೆ ಆ ಹೆಸರು. ಎಡಗಣ್ಣಿಲ್ಲ. ಸಾಕಿದವರು ಗೇಟಿಗೆ ಕಟ್ಟಿ ಹೋದ ಹೊಸದರಲ್ಲಿ ಆ ಕಣ್ಣು ಒಂದೇ ಸಮ ಸುರಿಯುತ್ತಿತ್ತು.

"ಮನೆಯವರನ್ನ ನೆನೆಸ್ಕೊಂಡು ಅಳ್ತಾನೆ ಅಂದ್ಕೊಂಡೆ. ಮಡಿಲಲ್ಲಿ ಮಲಗಿಸ್ಕೊಂಡು ಒರೆಸ್ದೆ, ಒರೆಸ್ದೆ. ರೆಪ್ಪೆ ಎತ್ತಿ ನೋಡ್ಲೇ ಇಲ್ಲ."

ರೆಪ್ಪೆಯೊಳಗೆ ಹುಲ್ಲಿನ ಮುಳ್ಳಿತ್ತು. ಒರೆಸಿದಷ್ಟೂ ಗೀರುತ್ತಿತ್ತು. ವೈದ್ಯರ ಕೈ ಸೇರುವಷ್ಟರಲ್ಲಿ ಕಣ್ಣು ಕೀವಾಗಿ, ತೆಗೆಯಬೇಕಾಯಿತು.

"ನಾಯಿ ದುಃಖಕ್ಕೆ ಕಣ್ಣೀರು ಹಾಕಲ್ಲ. ಅಳೋರು ನಾವು," ಎನ್ನುತ್ತಾರೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಎಲ್ಲರೂ ಹೇಳಿಯಾಗಿದೆ. ಹೇಳುವವರಿಗೇನು, ಹೇಳುತ್ತಾರೆ.

ಇವತ್ತು ಯಜಮಾನ ನೆರಳಲ್ಲೂ ಬಲಗಣ್ಣು ಬಿಡುತ್ತಿಲ್ಲ. ದೊಡ್ಡಮ್ಮ ತಟ್ಟೆ ಅಲ್ಲೇ ಬಿಟ್ಟು ವೈದ್ಯರಿಗೆ ಫೋನ್ ಮಾಡುತ್ತಾರೆ. ಅವರು ಬಂದು, ಟಾರ್ಚ್ ಹಿಡಿದು, ತುಂಬಾ ಹೊತ್ತು ನೋಡುತ್ತಾರೆ. ಕಣ್ಣೊಳಗೆ ಒತ್ತಡ ಏರಿದೆ. ಹನಿ ಹಾಕಿ ನೋವು ತಗ್ಗಿಸಬಹುದು, ದೃಷ್ಟಿ ಹೆಚ್ಚು ದಿನ ಉಳಿಯುವುದಿಲ್ಲ ಎನ್ನುತ್ತಾರೆ.

"ಈ ಸಲ ನಾನು ತಡ ಮಾಡ್ಲಿಲ್ಲ ಅಲ್ವಾ ಡಾಕ್ಟ್ರೇ?"

"ಇಲ್ಲಮ್ಮ. ತಡ ಮಾಡ್ಲಿಲ್ಲ."

ಬೇಗ ನೋಡಿದರೆ ಕಣ್ಣು ಉಳಿಯುತ್ತದೆ ಎಂದು ಇಷ್ಟು ವರ್ಷ ನಂಬಿದ ಜೀವ ದೊಡ್ಡಮ್ಮನದು.

ವೈದ್ಯರು ಹೋದ ಮೇಲೆ ದೊಡ್ಡಮ್ಮ ಮೊದಲ ಹನಿ ಹಾಕುತ್ತಾರೆ. ನೋವು ತಗ್ಗಿ ಯಜಮಾನ ಕಣ್ಣು ಬಿಟ್ಟ ಮೇಲೆ ಎದ್ದು, ಜಾಗ ಬದಲಿಸಿ, ಅವನನ್ನು ಎದುರಿಗೆ ಕೂರಿಸಿಕೊಂಡು, ಸೂರ್ಯನಿಗೆ ಮುಖ ಮಾಡಿ ಕೂರುತ್ತಾರೆ. ಬಿಸಿಲು ನೇರ ಅವರ ಕಣ್ಣಿಗೇ ಹೊಡೆಯುತ್ತಿದೆ. ಕದಲುವುದಿಲ್ಲ.

"ಕಾಣೋಷ್ಟು ದಿನ ನನ್ನ ಮುಖ ಚೆನ್ನಾಗಿ ಕಾಣ್ಲಿ," ಎನ್ನುತ್ತಾರೆ. "ಆಮೇಲೆ ದನಿ ಕೇಳಿದ್ರೆ ಗುರುತು ಹಿಡೀತಾನೆ."